ಗೌರಕ್ಕನ ಅಂಗಡಿಯಲ್ಲಿ ಸಿಕ್ಕಿಬಿದ್ದವರು

ಟೈಪ್ ಮಾಡುತ್ತಿದ್ದ ಗೌರಕ್ಕನ ಬೆರಳುಗಳು ಇದ್ದಕ್ಕಿದ್ದಂತೆ ನಿಂತುಬಿಟ್ಟರೆ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ಸಂಶೋಧಕರ ಎದೆ ಧಸಕ್ಕೆನ್ನುತ್ತಿತ್ತು. ಕರೆಂಟು ಹೋಗಿದ್ದರೆ ಬದುಕಿಕೊಂಡೆವು. ಹೋಗಿಲ್ಲವೆಂದರೆ ಯಾರೋ ಒಬ್ಬರು ಸಿಕ್ಕಿಬಿದ್ದರು ಎಂದೇ ಅರ್ಥ. ಗೌರಕ್ಕ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಹಸ್ತಪ್ರತಿಯ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ, ಸೊಪ್ಪಿನ ಕಟ್ಟು ಬಾಡಿದೆಯೋ ಇಲ್ಲವೋ ಎಂದು ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ, "ಇದು ನಿಮ್ದಲ್ಲ, ಅಲ್ವಾ ಸಾರ್?" ಎನ್ನುತ್ತಿದ್ದರು. ಕೇಳಿಸಿಕೊಂಡವರು ಯಾರೂ ಅದನ್ನು ಪ್ರಶ್ನೆ ಎಂದು ತಿಳಿದದ್ದಿಲ್ಲ.

ಅವರ ಅಂಗಡಿ ಇದ್ದದ್ದು ದೇವರಾಜ ಮೊಹಲ್ಲಾದ ಒಂದು ಓಣಿಯಲ್ಲಿ, ಊದುಬತ್ತಿಯ ಸಗಟು ಅಂಗಡಿಯ ಮಹಡಿಯ ಮೇಲೆ. ಕೆಳಗಿನ ಗಂಧದ ವಾಸನೆ ಮೆಟ್ಟಿಲು ಹತ್ತಿ ಬಂದು ಅಲ್ಲಿದ್ದ ಕಾಗದಕ್ಕೆಲ್ಲ ಮೆತ್ತಿಕೊಳ್ಳುತ್ತಿತ್ತು. ಗೌರಕ್ಕನ ಬಳಿ ಟೈಪಾದ ಮಹಾಪ್ರಬಂಧವನ್ನು ಯಾವ ಊರಿನ ಪರೀಕ್ಷಕರು ತೆರೆದರೂ ದೇವರ ಮನೆಯ ಬಾಗಿಲು ತೆರೆದ ಹಾಗಾಗುತ್ತಿತ್ತಂತೆ. "ಒಳಗೆ ಏನಿಲ್ದೆ ಇದ್ರೂ ಕೈ ಮುಗೀತಾರೆ ಬುಡಿ" ಎಂದು ಗೌರಕ್ಕ ನಗುತ್ತಿದ್ದರು. ಅಂಗಡಿಯ ಹಿಂಭಾಗದಲ್ಲಿ ಅವರ ಗಂಡ ನಂಜುಂಡಣ್ಣ ಕೂತು ಬೈಂಡಿಂಗ್ ಮಾಡುತ್ತಿದ್ದರು. ಗೋಂದು, ದಾರ, ನೀಲಿ ರೆಕ್ಸಿನ್ ಇವುಗಳ ನಡುವೆ ಅವರ ಬಾಯಿಂದ ದಿನಕ್ಕೆ ಮೂರು ನಾಲ್ಕು ಮಾತು ಹೊರಟರೆ ಹೆಚ್ಚು. ಮಾತಿನ ಇಲಾಖೆಯನ್ನು ಪೂರ್ತಿಯಾಗಿ ಹೆಂಡತಿಗೆ ವಹಿಸಿಕೊಟ್ಟಿದ್ದರು.

ಗೌರಕ್ಕ ತಿ. ನರಸೀಪುರದ ಕಡೆಯ ಒಕ್ಕಲು ಮನೆತನದವರು. ಕುಳ್ಳಗೆ, ದುಂಡಗೆ, ಹಣೆಯ ಮೇಲೆ ಎಂಟಾಣೆಯಗಲ ಕುಂಕುಮ. ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಅವರು ಟೈಪ್ ಮಾಡಿದ್ದು ಬೇರೆಯವರ ಪಾಂಡಿತ್ಯವನ್ನು. ಮೊದಲು ಟೈಪ್‌ರೈಟರಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಅವರಲ್ಲಿ ಒಂದು ವಿಚಿತ್ರವಿತ್ತು. ಪ್ರೀತಿ ಇದ್ದಾಗ ಏಕವಚನ, ಸಿಟ್ಟು ಬಂದಾಗ ಬಹುವಚನ. "ಬಾಪ್ಪ ರವಿ, ಕಾಫಿ ಕುಡೀತೀಯಾ?" ಎಂದು ನನ್ನನ್ನು ಕೇಳಿದರೆ ಎಲ್ಲವೂ ಸುಸೂತ್ರ. "ಬನ್ನಿ ಸಾರ್, ಕೂತ್ಕೊಳ್ಳಿ" ಎಂದರೆ ಕೂರುವ ಮೊದಲೇ ಬೆವರು.

ಕದ್ದದ್ದನ್ನು ಅವರು ಹೇಗೆ ಹಿಡಿಯುತ್ತಿದ್ದರು ಎಂದು ಒಮ್ಮೆ ಕೇಳಿದ್ದೆ. ಅರ್ಧ ಅವರ ನೆನಪಿನ ಶಕ್ತಿ. ತಾವು ಟೈಪ್ ಮಾಡಿದ ಒಂದು ಪ್ಯಾರಾವನ್ನೂ ಅವರು ಮರೆಯುತ್ತಿರಲಿಲ್ಲ. ಇನ್ನರ್ಧವನ್ನು ಅವರೇ ವಿವರಿಸಿದ್ದು ಹೀಗೆ: "ಬರವಣಿಗೆಗೂ ಒಂದು ನಡಿಗೆ ಇರ್ತದೆ ಕಣಪ್ಪ. ಒಬ್ರು ಕುಂಟ್ಕೊಂಡ್ ಬರೀತಾರೆ, ಒಬ್ರು ನೆಟ್ಟಗೆ ನಡೀತಾರೆ. ಇಪ್ಪತ್ತು ಪುಟ ಕುಂಟ್ಕೊಂಡ್ ಬಂದೋರು ಇಪ್ಪತ್ತೊಂದ್ನೇ ಪುಟದಲ್ಲಿ ಓಡೋಕೆ ಶುರು ಮಾಡಿದ್ರೆ ನಂಗೆ ಗೊತ್ತಾಗಲ್ವಾ? ಆ ಕಾಲು ಇವ್ರದ್ದಲ್ಲ ಅಂತ."

ಒಂದು ದಿನ ನಾನು ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದಾಗ ಅರ್ಥಶಾಸ್ತ್ರದ ಸಂಶೋಧಕರೊಬ್ಬರು ತಮ್ಮ ಪ್ರಬಂಧದ ಕೊನೆಯ ಕಂತನ್ನು ತಂದುಕೊಟ್ಟರು. ವಯಸ್ಸು ನಲವತ್ತರ ಆಚೆ, ಮದುವೆಯಾಗಿರಲಿಲ್ಲ, ತಾಯಿಯ ಜೊತೆ ಇದ್ದರು. ಕೃತಜ್ಞತೆಯ ಪುಟವೊಂದು ಬಾಕಿ ಇತ್ತು. ಗೌರಕ್ಕ ಟಕಟಕ ಹೊಡೆಯುತ್ತಾ ಹೋದವರು ನಿಂತರು.

"ಸಾರ್, ಮದುವೆ ಯಾವಾಗ ಮಾಡ್ಕೊಂಡ್ರಿ? ಒಂದು ಊಟಕ್ಕೂ ಕರೀಲಿಲ್ವಲ್ಲ."

"ಮದುವೆಯಾ? ನನಗಾ?"

ಗೌರಕ್ಕ ಗಟ್ಟಿಯಾಗಿ ಓದಿದರು. "ನನ್ನ ಸಂಶೋಧನೆಯ ಏಳುಬೀಳುಗಳಲ್ಲಿ ನೆರಳಾಗಿ ನಿಂತ ಬಾಳಸಂಗಾತಿ ಸುಶೀಲಾಳಿಗೂ, ಮುದ್ದುಮಕ್ಕಳಾದ ಕಾರ್ತಿಕ್ ಹಾಗೂ ಕಾವ್ಯಾರಿಗೂ ನಾನು ಚಿರಋಣಿ."

ಹಿಂದಿನಿಂದ ನಂಜುಂಡಣ್ಣ ಆ ದಿನದ ಮೊದಲ ಮಾತನ್ನು ಆಡಿದರು: "ಮಕ್ಕಳೂ ಆಗ್ಬುಟ್ಟವೆ."

ಆ ಮನುಷ್ಯ ಕೆಂಪಾಗಿ, ಕಪ್ಪಾಗಿ, ಕೊನೆಗೆ ಬಣ್ಣವೇ ಇಲ್ಲದಂತಾಗಿ, "ಮಾದರಿಗೆ ಅಂತ ಒಂದು ಇಟ್ಕೊಂಡಿದ್ದೆ ಗೌರಮ್ಮನೋರೆ, ಹೆಸರು ಬದಲಾಯಿಸೋಕೆ ಮರ್ತೆ" ಎಂದರು. ಗೌರಕ್ಕ ಅವರ ಮುಂದೆ ಒಂದು ಖಾಲಿ ಹಾಳೆ ಇಟ್ಟರು. "ಥ್ಯಾಂಕ್ಸ್ ಹೇಳೋಕೂ ಕಾಪಿ ಹೊಡೀಬೇಕಾ ಸಾರ್? ನಿಮ್ಗೆ ದಿನಾ ಬುತ್ತಿ ಕಟ್ಕೊಟ್ಟೋರು ಯಾರು?" ಅವರು ಪೆನ್ನು ತೆಗೆದು, ತಾಯಿಯ ಬಗ್ಗೆ ನಾಲ್ಕು ಸಾಲು ಬರೆದುಕೊಟ್ಟರು. ಗೌರಕ್ಕ ಅದನ್ನು ಟೈಪ್ ಮಾಡುತ್ತಾ ಸೆರಗಿನಿಂದ ಮೂಗು ಒರೆಸಿಕೊಂಡದ್ದನ್ನು ನಾನು ನೋಡಿದೆ. ಇಡೀ ಪ್ರಬಂಧದಲ್ಲಿ ಅವು ನಾಲ್ಕೇ ಚೆನ್ನಾಗಿದ್ದವು ಎಂದು ಆಮೇಲೆ ನನಗೆ ಹೇಳಿದರು.

ಆ ದಿನ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ನನ್ನ ಸರದಿ ಬಂದದ್ದು ಎರಡು ತಿಂಗಳ ನಂತರ.

ಆಗ ನಾನು ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಅತಿಥಿ ಎನ್ನುವ ಪದಕ್ಕೆ ಆ ವೃತ್ತಿಯಲ್ಲಿ ಊಟವೂ ಇಲ್ಲ, ಉಪಚಾರವೂ ಇಲ್ಲ. ಪ್ರತಿ ವರ್ಷ ಜೂನ್ ಬಂತೆಂದರೆ ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಫೋನು ನೋಡುತ್ತಾ ಕೂರಬೇಕು. ಹೀಗಿರುವಾಗ ಇನ್ನೊಂದು ಕಾಲೇಜಿನಲ್ಲಿ ಕಾಯಂ ಹುದ್ದೆಯೊಂದಕ್ಕೆ ಅರ್ಜಿ ಕರೆದರು. ಪಿಎಚ್.ಡಿ. ಪ್ರಬಂಧ ಸಲ್ಲಿಸಿದ ಪತ್ರ ಬೇಕು, ಅದೂ ಆ ತಿಂಗಳ ಕೊನೆಯೊಳಗೆ. ನನ್ನ ವಿಷಯ ಹಳೇ ಮೈಸೂರು ಸೀಮೆಯ ಕೆರೆಗಳ ಐತಿಹ್ಯಗಳು. ಮೂರು ಅಧ್ಯಾಯ ಮುಗಿದು ಗೌರಕ್ಕನ ಬಳಿ ಟೈಪಾಗಿದ್ದವು. ಹೆಂಗಸರು ಕಟ್ಟಿಸಿದ ಕೆರೆಗಳ ಬಗೆಗಿನ ನಾಲ್ಕನೆಯ ಅಧ್ಯಾಯಕ್ಕೆ ಹಳ್ಳಿ ಹಳ್ಳಿ ತಿರುಗಬೇಕಿತ್ತು. ತಿರುಗಿರಲಿಲ್ಲ.

ಗ್ರಂಥಾಲಯದಲ್ಲಿ ಹುಡುಕುತ್ತಿದ್ದಾಗ ಹತ್ತು ಹನ್ನೆರಡು ವರ್ಷ ಹಿಂದಿನ ಒಂದು ಪ್ರಬಂಧ ಕೈಗೆ ಸಿಕ್ಕಿತು. ಅದರಲ್ಲಿ ನನಗೆ ಬೇಕಾದ ಇಪ್ಪತ್ತು ಪುಟ ಸಿದ್ಧವಾಗಿ ಕೂತಿತ್ತು. ಎರಡು ಮಧ್ಯಾಹ್ನ ಕೂತು ಇಳಿಸಿಕೊಂಡೆ. ಪೂರ್ತಿ ನಾಚಿಕೆಗೆಟ್ಟವನಲ್ಲ ಎಂದು ನನಗೆ ನಾನೇ ಸಾಬೀತು ಮಾಡಿಕೊಳ್ಳಲು ಪದಗಳನ್ನು ಬದಲಾಯಿಸಿದೆ. ನೀರು ಇದ್ದಲ್ಲಿ ಜಲ, ಹೆಂಗಸು ಇದ್ದಲ್ಲಿ ಮಹಿಳೆ, ಜನ ಇದ್ದಲ್ಲಿ ಮಾನವರು. ಸಾಲಿನ ತಲೆ ಹಿಡಿದು ಬಾಲಕ್ಕೆ, ಬಾಲ ಹಿಡಿದು ತಲೆಗೆ. ಕೈ ನೋಯುವಷ್ಟು ಬರೆದೆ. ಇಷ್ಟು ಶ್ರಮಪಟ್ಟ ಮೇಲೆ ಇದು ನನ್ನದೇ ಎಂದು ಅನ್ನಿಸತೊಡಗಿತ್ತು. ಹಾಳೆಗಳನ್ನು ಗೌರಕ್ಕನ ಮುಂದಿಟ್ಟು ಬೆಂಚಿನ ಮೇಲೆ ಕೂತೆ.

ಆರನೆಯ ಪುಟದಲ್ಲಿ ಬೆರಳು ನಿಂತವು. ಫ್ಯಾನ್ ತಿರುಗುತ್ತಲೇ ಇತ್ತು.

"ಸಾರ್" ಎಂದರು ಗೌರಕ್ಕ. ನನ್ನನ್ನು ಅವರು ಅಲ್ಲಿಯವರೆಗೆ ಒಮ್ಮೆಯೂ ಸಾರ್ ಎಂದಿರಲಿಲ್ಲ. "ಎಮ್ಮೆಗೆ ಒಂದು ಜೊತೆ ಸಾಕಾಯ್ತದಾ, ಎರಡು ಜೊತೆ ಬೇಕಾ?"

"ಏನು ಗೌರಕ್ಕ?"

"ಚಪ್ಪಲಿ."

ನನಗೆ ಅರ್ಥವಾಗಲಿಲ್ಲ. ಅವರು ನನ್ನ ಹಾಳೆಯನ್ನು ನನಗೇ ಓದಿ ಹೇಳಿದರು. "ಮಾನವರ ಹಾಗೂ ಪಶುಗಳ ಉಪಯೋಗಕ್ಕಾಗಿ ಆ ಮಹಿಳೆಯು ಊರ ಮುಂದೆ ಪಾದರಕ್ಷೆಗಳನ್ನು ನಿರ್ಮಿಸಿದಳು. ಇದು ಅಂದಿನವರ ಪ್ರಾಣಿದಯೆಗೆ ಸಾಕ್ಷಿಯಾಗಿದೆ."

ಬೆಂಚಿನ ಮೇಲಿದ್ದ ಇನ್ನಿಬ್ಬರು ನಗು ನುಂಗಿಕೊಂಡು ಗೋಡೆ ನೋಡಿದರು. ನಾನೇ ಬರೆದ ಸಾಲು. ನನ್ನದೇ ಅಕ್ಷರ. ಆದರೆ ಅದನ್ನು ನಾನು ಓದಿದ್ದು ಅದೇ ಮೊದಲು. ಕದಿಯುವಾಗ ಕೈ ಮಾತ್ರ ಕೆಲಸ ಮಾಡುತ್ತದೆ, ಕಣ್ಣು ಬಾಗಿಲ ಕಡೆ ಇರುತ್ತದೆ.

ನಗುತ್ತಾರೆ ಎಂದುಕೊಂಡೆ. ಗೌರಕ್ಕ ನಗಲಿಲ್ಲ. ಎದ್ದು, ಸ್ಟೂಲು ಹಾಕಿಕೊಂಡು, ಅಟ್ಟದ ಮೇಲಿಂದ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಗಂಟೊಂದನ್ನು ಇಳಿಸಿದರು. ಒಳಗೆ ಹಳದಿಯಾದ ಒಂದು ಕಾರ್ಬನ್ ಪ್ರತಿ.

"ಇದು ನಾನು ಟೈಪ್ ಮಾಡಿದ ಮೊದಲ್ನೇ ಥೀಸೀಸು. ಮಾದಯ್ಯ ಮೇಷ್ಟ್ರದ್ದು. ಹೈಸ್ಕೂಲ್ ಮೇಷ್ಟ್ರು. ರಜಾ ಬಂದಾಗೆಲ್ಲ ಸೈಕಲ್ ತುಳ್ಕೊಂಡು ಹಳ್ಳಿ ತಿರುಗಿ ಬರ್ದೋರು. ಓದು ಇಲ್ಲಿ."

ಸಿಟ್ಟಿನ ನಡುವೆಯೂ ಏಕವಚನ ಬಂದದ್ದು ಕೇಳಿ ನನಗೆ ಜೀವ ಬಂತು. ಓದಿದೆ. "ಜನಕ್ಕೂ ದನಕ್ಕೂ ಆಗಲಿ ಅಂತ ಆ ಹೆಂಗಸು ಊರ ಮುಂದೆ ಕೆರ ಕಟ್ಟಿಸಿದಳು."

"ಮೇಷ್ಟ್ರು ಬರ್ದಿದ್ದು ಕೆರೆ ಅಂತ. ಆ ಟೈಪ್‌ರೈಟರಲ್ಲಿ ಎತ್ವದ ಕೀಲಿ ಸಿಕ್ಕಾಕ್ಕೊಳ್ತಿತ್ತು. ನಂಗೂ ಹೊಸದು. ಎತ್ವ ಬೀಳ್ಲಿಲ್ಲ, ನಾನ್ ನೋಡ್ಲಿಲ್ಲ. ಕೆರೆ ಹೋಗಿ ಕಾಲಿಗೆ ಹಾಕೋ ಕೆರ ಆಗ್ಬುಡ್ತು." ಗೌರಕ್ಕ ಪ್ರತಿಯ ಕಟ್ಟಕಡೆಯ ಪುಟ ತೆರೆದರು. ಅಲ್ಲಿ ಅಂಗೈಯಗಲದ ಚೀಟಿ ಅಂಟಿಸಿತ್ತು. ಮೇಲೆ ತಪ್ಪು–ಒಪ್ಪು, ಕೆಳಗೆ ಕೆರ–ಕೆರೆ. "ತಿದ್ದಿ ಅಂಟಿಸಿದೀವಿ ನೋಡು. ಆದ್ರೆ ಕದಿಯೋರು ಕೊನೇ ಪುಟದ ತಂಕ ಎಲ್ಲಿ ಬರ್ತಾರೆ? ಯಾವನೋ ಕೆರ ನೋಡ್ದ, ಗ್ರಾಂಥಿಕವಾಗಿರ್ಲಿ ಅಂತ ಪಾದರಕ್ಷೆ ಮಾಡ್ದ. ನೀನು ಅವನ್ದು ನೋಡಿ ಪಾದರಕ್ಷೆ ನಿರ್ಮಿಸ್ಬುಟ್ಟೆ."

ಅಂದರೆ ನಾನು ಕದ್ದದ್ದು ಕದ್ದ ಮಾಲನ್ನು. ಇಡೀ ಕೆರೆಯೊಂದು ಎರಡು ಕೈ ದಾಟುವಷ್ಟರಲ್ಲಿ ಎಮ್ಮೆಯ ಕಾಲಿಗೆ ಚಪ್ಪಲಿಯಾಗಿತ್ತು.

"ತಿದ್ದಿಬಿಡ್ತೀನಿ ಗೌರಕ್ಕ. ಕೆರೆ ಅಂತ ಮಾಡಿ. ಸೋಮವಾರ ಸಲ್ಲಿಸ್ಬೇಕು."

"ಆಗಲ್ಲ ಸಾರ್" ಎಂದರು. ಮತ್ತೆ ಬಹುವಚನ. "ಮೇಷ್ಟ್ರ ಹೆಸರಿಲ್ದೆ ಅವರ ಮಾತ್ನ ಇನ್ನೊಂದು ಸಲ ನನ್ ಕೈಯಿಂದ ಹೊಡಿಯಲ್ಲ. ಅವರನ್ನ ಹೋಗಿ ನೋಡಿ, ಕೇಳಿ, ಬನ್ನಿ."

ನನಗೆ ರೇಗಿತು. ಹತ್ತಾರು ಜನ ಇದೇ ಮಾಡಿ ಡಾಕ್ಟರ್ ಎನಿಸಿಕೊಂಡು ಮೆರೆಯುತ್ತಿರುವಾಗ ನನ್ನೊಬ್ಬನ ಹಣೆಗೇ ಇದೇನು ಎಂದು ಹಾಳೆ ಬಾಚಿಕೊಂಡು ಇಳಿದು ಹೋದೆ. ಬೇರೆ ಕಡೆ ಟೈಪ್ ಮಾಡಿಸಿದೆ. ಕೃತಿಚೌರ್ಯ ಹಿಡಿಯುವ ತಂತ್ರಾಂಶಕ್ಕೂ ಹಾಕಿಸಿದೆ. ಕಂಪ್ಯೂಟರು ಗರಗರ ಎಂದು ಯೋಚಿಸಿ ನಾನು ಅಪ್ಪಟ ಚಿನ್ನ ಎಂದು ವರದಿ ಕೊಟ್ಟಿತು. ಬೈಂಡಿಂಗ್ ಮಾತ್ರ ಬಾಕಿ. ಉಳಿದ ಮೂರು ಅಧ್ಯಾಯ ಗೌರಕ್ಕನ ಬಳಿಯೇ ಇದ್ದವು. ಮಾರನೆಯ ದಿನ ವರದಿಯನ್ನು ಹಿಡಿದು, ಗೆದ್ದವನ ಹಾಗೆ ಮೆಟ್ಟಿಲು ಹತ್ತಿದೆ.

ಗೌರಕ್ಕ ವರದಿಯನ್ನು ಎರಡೂ ಕಡೆ ನೋಡಿದರು. "ಈ ಯಂತ್ರ ಮಾದಯ್ಯ ಮೇಷ್ಟ್ರನ್ನ ನೋಡಿದ್ಯಾ ಸಾರ್?"

"ಅದು ಎಲ್ಲಾ ಹುಡುಕುತ್ತೆ ಗೌರಕ್ಕ."

"ಅದರ ಹೊಟ್ಟೇಲಿ ಇಲ್ದಿರೋದ್ನ ಅದು ಎಂಗೆ ಹುಡುಕ್ತದೆ? ಮೇಷ್ಟ್ರ ಥೀಸೀಸು ನನ್ ಅಟ್ಟದ ಮೇಲೆ ಅದೆ."

"ಕೆರೆ ಅಂತ ಸರಿಯಾಗಿ ತಿದ್ದಿದೀನಿ, ನೋಡಿ ಬೇಕಾದ್ರೆ."

"ತಿದ್ದಿರೋದು ನಾನ್ ಹೇಳ್ಕೊಟ್ಟಿದ್ದು. ಅದ್ನಾದ್ರೂ ಗೌರಮ್ಮ ಹೇಳಿದ್ಲು ಅಂತ ಬರ್ದಿದೀರಾ? ಅದೂ ನಿಮ್ದೇ ಆಗ್ಬುಡ್ತಾ?"

ಕೊನೆಯ ಆಸೆ ಎಂದು ಹಿಂದಕ್ಕೆ ಹೋಗಿ ನಂಜುಂಡಣ್ಣನ ಮುಂದೆ ಹಾಳೆಗಳನ್ನಿಟ್ಟೆ. ಅವರು ಹಾಳೆ ನೋಡಿದರು, ಹೆಂಡತಿಯನ್ನು ನೋಡಿದರು. ತೊಡೆಯ ಪಕ್ಕದಲ್ಲೇ ಬಾಯಿತನಕ ತುಂಬಿದ್ದ ಡಬ್ಬಿಯ ಮೇಲೆ ಮುಚ್ಚಳ ಒತ್ತಿ, "ಗೋಂದು ಖಾಲಿ" ಎಂದರು.

ನನಗೆ ಅಳು ಬಂದಿತ್ತು. ಆ ಹುದ್ದೆ ಸಿಕ್ಕರೆ ಜೂನ್ ತಿಂಗಳ ಭಯ ತಪ್ಪುತ್ತಿತ್ತು. ಅದನ್ನೇ ಹೇಳಿಕೊಂಡೆ. ಗೌರಕ್ಕ ಅರ್ಧಕ್ಕೆ ತಡೆಯದೆ ಪೂರ್ತಿ ಕೇಳಿದರು. ಆಮೇಲೆ ತಗ್ಗಿದ ದನಿಯಲ್ಲಿ, "ನಾಳೆ ಭಾನುವಾರ. ಮೇಷ್ಟ್ರು ಹಿನಕಲ್‌ನಲ್ಲಿ ಅವ್ರೆ. ನಿನ್ ಗಾಡೀಲಿ ನನ್ನೂ ಕರ್ಕೊಂಡ್ ಹೋಗು ರವಿ. ನಂಗೂ ಒಬ್ಳೇ ಹೋಗೋಕೆ ಮುಖ ಇಲ್ಲ. ಅವರನ್ನ ನೋಡಿ ಇಪ್ಪತ್ತು ವರ್ಷದ ಮೇಲಾಯ್ತು" ಎಂದರು. ಆ ಮಾತಿಗೆ ಒಪ್ಪಿದೆ.

ಭಾನುವಾರ ಬೆಳಿಗ್ಗೆ ನಜರ್‌ಬಾದ್‌ನ ಅವರ ಮನೆಯಿಂದ ಹೊರಟೆವು. ಗೌರಕ್ಕ ರೇಷ್ಮೆ ಸೀರೆ ಉಟ್ಟು, ಹೆಲ್ಮೆಟ್ಟಿನ ಮೇಲಿಂದ ಮಲ್ಲಿಗೆ ಜಜ್ಜಿಹೋಗದ ಹಾಗೆ ಹೇಗೋ ಮಾಡಿಕೊಂಡು, ಕಾರ್ಬನ್ ಪ್ರತಿಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತರು. ಹುಣಸೂರು ರಸ್ತೆಯ ಪ್ರತಿ ಸಿಗ್ನಲ್ಲಿನಲ್ಲೂ "ಈಗಲೂ ಬೇಕಾದ್ರೆ ವಾಪಸ್ ಹೋಗ್ಬೋದು" ಎಂದು ಹೇಳುತ್ತಿದ್ದರು. ಎಲ್ಲರನ್ನೂ ಹೆದರಿಸುವ ಗೌರಕ್ಕ ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಾರಣವನ್ನು ದಾರಿಯಲ್ಲೇ ಹೇಳಿದರು. ಮಾದಯ್ಯನವರ ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ಆ ಪುಟ ತೆರೆದು, "ಕೆರ ಕಟ್ಟಿಸಿದಳು ಅಂತ ಬರೆದಿದ್ದೀರಿ. ಎಡಗಾಲಿನದೋ ಬಲಗಾಲಿನದೋ?" ಎಂದು ಕೇಳಿದರಂತೆ. ಇಡೀ ಕೋಣೆ ನಕ್ಕಿತಂತೆ. ಟೈಪು ಮಾಡಿದವರ ತಪ್ಪು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಮೇಷ್ಟರು "ನಾನು ಸರಿಯಾಗಿ ನೋಡಬೇಕಿತ್ತು, ತಪ್ಪು ನನ್ನದು" ಎಂದು ನಿಂತರಂತೆ. ಗೌರಕ್ಕನಿಗೆ ಇದು ತಿಳಿದದ್ದು ಬೇರೆಯವರಿಂದ. ಚೀಟಿ ಅಂಟಿಸಿದ್ದು ಅದಾದ ಮೇಲೆ.

ಮಾದಯ್ಯ ಮೇಷ್ಟರು ಅಂಗಳದಲ್ಲಿ ಕನಕಾಂಬರದ ಗಿಡಕ್ಕೆ ನೀರು ಹಾಕುತ್ತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಗೌರಕ್ಕನನ್ನು ತಕ್ಷಣ ಗುರುತು ಹಿಡಿದರು. "ಏನಮ್ಮ ಗೌರಮ್ಮ! ಬಾರಮ್ಮ ಒಳಗೆ" ಎಂದು ಕರೆದು, ಬುದ್ಧನ ಪಟದ ಕೆಳಗಿದ್ದ ಕುರ್ಚಿಯಲ್ಲಿ ಕೂರಿಸಿದರು. ಗೌರಕ್ಕ ಕೂರುತ್ತಲೇ ಶುರು ಮಾಡಿದರು. ಎತ್ವ, ಕೀಲಿ, ಪರೀಕ್ಷಕರು, ನಗು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಕಣ್ಣಲ್ಲಿ ನೀರು ತಂದುಕೊಂಡರು. ಅವರ ಹಿಂದೆಯೇ ನಾನೂ ನನ್ನದನ್ನು ಒಪ್ಪಿಸಿಬಿಟ್ಟೆ. ಎಮ್ಮೆಯ ಚಪ್ಪಲಿಯವರೆಗೆ ಬಂದಾಗ ಮೇಷ್ಟರಿಗೆ ತಡೆದುಕೊಳ್ಳಲಾಗಲಿಲ್ಲ. ನಕ್ಕು ನಕ್ಕು ಕೆಮ್ಮು ಬಂದು, ಸೊಸೆ ಒಳಗಿನಿಂದ ನೀರು ತರಬೇಕಾಯಿತು.

"ನೋಡಪ್ಪ" ಎಂದರು ಕಣ್ಣೊರೆಸಿಕೊಂಡು. "ಈಯಮ್ಮ ಬಿಟ್ಟಿದ್ದು ಒಂದು ಎತ್ವ. ಅದಕ್ಕೆ ಇಪ್ಪತ್ತು ವರ್ಷ ನಿದ್ದೆ ಕೆಡಿಸ್ಕೊಂಡವ್ಳೆ. ನೀವುಗಳು ಮಾದಯ್ಯನ್ನೇ ಬಿಟ್ರಿ. ನಿಮ್ಗೆ ಚೆನ್ನಾಗಿ ನಿದ್ದೆ ಬಂತಾ?"

ಅವರು ನನ್ನ ಹಾಳೆಗಳನ್ನು ಕೇಳಿ ಪಡೆದು, ಜೇಬಿನ ಕೆಂಪು ಪೆನ್ನು ತೆಗೆದು, ಹೈಸ್ಕೂಲು ಹುಡುಗನ ನೋಟ್‌ಬುಕ್ಕಿನ ಹಾಗೆ ತಿದ್ದತೊಡಗಿದರು.

"ಜಲ ಅಂತ ಯಾಕೆ ಬರ್ದಿದೀಯ?"

"ಪದ ಬದಲಾಗ್ಲಿ ಅಂತ ಸಾರ್."

"ಕಥೆ ಹೇಳಿದ ಹೆಂಗಸು ನನ್ ಹತ್ರ ಜಲ ಅನ್ಲಿಲ್ಲ ಕಣಯ್ಯ. ನೀರು ಅಂದ್ಲು." ಎದ್ದು ಹೋಗಿ ಬೀರುವಿನಿಂದ ಒಂದು ಉದ್ದನೆಯ ನೋಟ್‌ಬುಕ್ ತಂದರು. ಪ್ರತಿ ಕಥೆಯ ಕೆಳಗೂ ಹೇಳಿದವರ ಹೆಸರು, ಊರು, ಅವರು ಆಗ ಏನು ಮಾಡುತ್ತಿದ್ದರು ಎನ್ನುವುದು. ಕೆರೆಯ ಕಥೆಯ ಕೆಳಗೆ ಹೀಗಿತ್ತು: ಹೇಳಿದವರು ಸಣ್ಣಮ್ಮ, ರಾಗಿ ಬೀಸುತ್ತಾ ಹೇಳಿದರು. "ಇದು ನಂದೂ ಅಲ್ಲ. ಸಣ್ಣಮ್ಮಂದು. ನಾನು ಹೆಸರು ಬರ್ಕೊಂಡೆ. ಅಷ್ಟು ಮಾಡಿದ್ದಕ್ಕೆ ನಂಗೆ ಡಾಕ್ಟರ್ ಅಂದ್ರು. ನೀನು ಅಷ್ಟಾದ್ರೂ ಮಾಡು. ಆ ಊರಿಗೆ ಹೋಗು. ಸಣ್ಣಮ್ಮ ಹೋಗ್ಬುಟ್ಟವ್ಳೆ, ಅವಳ ಸೊಸೆ ಇರ್ಬೋದು."

ಹೊರಡುವಾಗ ಗೌರಕ್ಕ ಅವರ ಕಾಲಿಗೆ ನಮಸ್ಕಾರ ಮಾಡಹೋದರೆ ಮೇಷ್ಟರು ಬಿಡಲಿಲ್ಲ. "ನಿನ್ನ ಟೈಪು ಅಚ್ಚುಕಟ್ಟು ಅಂತ ಆ ಪರೀಕ್ಷಕರು ಹೇಳಿದ್ರು ಕಣಮ್ಮ. ಅದ್ನ ನಿಂಗೆ ಯಾರೂ ಹೇಳ್ಲಿಲ್ವಾ?" ಎಂದು ಕೇಳಿದರು. ವಾಪಸು ಬರುವಾಗ ಗೌರಕ್ಕ ಒಂದು ಸಿಗ್ನಲ್ಲಿನಲ್ಲೂ ಮಾತಾಡಲಿಲ್ಲ. ಮನೆಯ ಮುಂದೆ ಇಳಿದು, "ಅಚ್ಚುಕಟ್ಟು ಅಂದ್ರಂತೆ" ಎಂದಷ್ಟೇ ಹೇಳಿ ಒಳಗೆ ಹೋದರು.

ಆ ತಿಂಗಳ ಕೊನೆಗೆ ನಾನು ಪ್ರಬಂಧ ಸಲ್ಲಿಸಲಿಲ್ಲ. ನನ್ನ ಗೈಡ್ ಕೂಗಾಡಿದರು. ಹುದ್ದೆ ಬೇರೊಬ್ಬರಿಗೆ ಹೋಯಿತು. ಅದರ ಹೊಟ್ಟೆಯುರಿ ಬಹಳ ದಿನ ಇತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮತ್ತೊಂದು ಜೂನ್ ಬಂತು, ಫೋನು ನೋಡುತ್ತಾ ಕೂತೆ. ಆದರೆ ಅಷ್ಟರಲ್ಲಿ ಹದಿನಾಲ್ಕು ಹಳ್ಳಿ ತಿರುಗಿದ್ದೆ. ಸಣ್ಣಮ್ಮನ ಸೊಸೆ ಸಿಕ್ಕಿದರು. ಮೇಷ್ಟರಿಗೆ ಅತ್ತೆ ಹೇಳದೆ ಬಿಟ್ಟ ಭಾಗವನ್ನು ಅವರು ನಗುತ್ತಾ ಹೇಳಿದರು. ಕೆರೆ ಕಟ್ಟಿಸಿದ ಹೆಂಗಸಿಗೆ ಊರ ಬಾವಿಯ ಹತ್ತಿರ ವಾರಗಿತ್ತಿಯ ಜೊತೆ ಕೊಡದ ಸರದಿಗೆ ಜಗಳವಾಗಿ, "ನಿನ್ನ ಬಾವಿ ನೀನೇ ಇಟ್ಕೊ, ನಾನು ಕೆರೇನೇ ಕಟ್ಟಿಸ್ತೀನಿ" ಎಂದು ಬಂದು ಕಟ್ಟಿಸಿದ್ದಂತೆ. ಇದು ಯಾರ ಪುಸ್ತಕದಲ್ಲೂ ಇರಲಿಲ್ಲ. ಇಪ್ಪತ್ತು ಪುಟದ ಕದ್ದ ಅಧ್ಯಾಯದ ಜಾಗದಲ್ಲಿ ಹನ್ನೊಂದು ಪುಟದ ನನ್ನ ಅಧ್ಯಾಯ ಬಂತು. ಪುಟಕ್ಕೆರಡು ಅಡಿಟಿಪ್ಪಣಿ, ಒಂದರಲ್ಲಿ ಮಾದಯ್ಯ, ಒಂದರಲ್ಲಿ ಸಣ್ಣಮ್ಮನ ಸೊಸೆ. ಗೌರಕ್ಕ ಅದನ್ನು ಒಂದೇ ಬೈಠಕ್ಕಿನಲ್ಲಿ ಹೊಡೆದು ಮುಗಿಸಿ, "ಕುಂಟ್ತೀಯ ಕಣೋ. ಆದ್ರೆ ನಿನ್ ಕಾಲಲ್ಲೇ ಕುಂಟ್ತಾ ಇದೀಯ" ಎಂದರು. ನನಗೆ ಸಿಕ್ಕ ವಿಮರ್ಶೆಗಳಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೂ ಬಂದಿಲ್ಲ. ಪದವಿ ಬಂತು. ಕಾಯಂ ಕೆಲಸವೂ ಎರಡು ವರ್ಷ ತಡವಾಗಿ ಇನ್ನೊಂದು ಕಡೆ ಸಿಕ್ಕಿತು.

ಕಳೆದ ವರ್ಷ ಗೌರಕ್ಕ ಅಂಗಡಿ ಮುಚ್ಚಿದರು. ಎಲ್ಲರೂ ತಾವೇ ಟೈಪ್ ಮಾಡಿಕೊಳ್ಳುತ್ತಾರೆ. ಕೆಲವರಿಗೆ ಯಂತ್ರವೇ ಬರೆದೂ ಕೊಡುತ್ತದೆ. ಗೌರಕ್ಕನಿಗೂ ಕಣ್ಣು ಮಂಜಾಗಿತ್ತು. ಅವರ ಬಳಿ ಟೈಪ್ ಮಾಡಿಸಿದ ನಾವು ಒಂದಷ್ಟು ಜನ ಸೇರಿ ಒಂದು ಸಣ್ಣ ಸಭಾಂಗಣದಲ್ಲಿ ಸನ್ಮಾನ ಇಟ್ಟುಕೊಂಡೆವು. ಶಾಲು, ಹಾರ, ಹಣ್ಣಿನ ಬುಟ್ಟಿ, ಪೇಟ. ಸನ್ಮಾನ ಪತ್ರದ ಕೆಲಸವನ್ನು ಗೆಳೆಯರೊಬ್ಬರಿಗೆ ಒಪ್ಪಿಸಿದ್ದೆವು. ಅವರು ಗಂಭೀರವಾದ ಕಂಠದಲ್ಲಿ ಓದತೊಡಗಿದರು. "ಅಪ್ರತಿಮ ಆಡಳಿತಗಾರರೂ, ಶಿಸ್ತಿನ ಸಿಪಾಯಿಯೂ ಆದ ತಾವು, ಸಂಸ್ಥೆಯ ಆಟದ ಮೈದಾನವನ್ನು ವಿಸ್ತರಿಸಿ..."

ಪೇಟ ತೊಟ್ಟು ಕೂತಿದ್ದ ಗೌರಕ್ಕ ಮೈಕಿನ ಕಡೆಗೆ ಬಗ್ಗಿದರು. "ಸ್ವಲ್ಪ ನಿಲ್ಸಿ ಸಾರ್. ಇದು ನಿವೃತ್ತಿ ಆದ ಒಬ್ರು ಪ್ರಿನ್ಸಿಪಾಲರದ್ದು. ನಾನೇ ಟೈಪ್ ಮಾಡಿದ್ದು. ನನ್ ಅಂಗಡೀಲಿ ಚಾಪೆ ಹಾಸೋಕೆ ಜಾಗ ಇರ್ಲಿಲ್ಲ, ಮೈದಾನ ಎಲ್ಲಿ ವಿಸ್ತರಿಸ್ಲಿ?"

ಸಭೆ ಐದು ನಿಮಿಷ ನಕ್ಕಿತು. ಸಭಿಕರಲ್ಲಿ ಅರ್ಧಕ್ಕರ್ಧ ಡಾಕ್ಟರುಗಳು ಸ್ವಲ್ಪ ಬೇಗ ನಗು ನಿಲ್ಲಿಸಿದರು. ಓದುತ್ತಿದ್ದ ಗೆಳೆಯರು ಪತ್ರವನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಗೌರಕ್ಕನ ಬಗ್ಗೆ ಮನಸ್ಸಿಗೆ ಬಂದ ನಾಲ್ಕು ಮಾತಾಡಿದರು. ತಡವರಿಸಿದರೂ ಚೆನ್ನಾಗಿ ಮಾತಾಡಿದರು.

ಒಂದು ವಾರದ ನಂತರ ಗೌರಕ್ಕ ಮನೆಗೆ ಕರೆಸಿಕೊಂಡರು. "ಆ ಪತ್ರ ಸರಿಯಾಗಿ ಬರ್ಕೊಡು. ನಾನ್ ಹೇಳ್ತೀನಿ, ನೀನು ಹೊಡಿ" ಎಂದು ತಮ್ಮ ಹಳೆಯ ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿದರು. ನಂಜುಂಡಣ್ಣ ಕಾಫಿ ತಂದಿಟ್ಟು ಗೋಡೆಗೊರಗಿ ನಿಂತರು. ಗೌರಕ್ಕ ಕಣ್ಣು ಮುಚ್ಚಿ ಹೇಳುತ್ತಾ ಹೋದರು, ನಾನು ಹೊಡೆಯುತ್ತಾ ಹೋದೆ. ನಡುವೆ ನನಗೆ ತಡೆಯಲಾಗದೆ "ಎಲೆಮರೆಯ ಕಾಯಿಯಂತೆ" ಎಂದು ಒಂದು ಮಾತು ಸೇರಿಸಿದೆ. ಓದಿ ಹೇಳು ಎಂದರು. ಓದಿದೆ.

"ಕಾಯಿ ಯಾವ್ದು ಅದು?"

"ಚೆನ್ನಾಗಿರುತ್ತೆ ಅಂತ..."

"ನಾನ್ ಹೇಳ್ಲಿಲ್ವಲ್ಲ. ತೆಗಿ." ತೆಗೆದೆ. "ಸಫಿಯಾ ಟೀಚರ್ ಹೆಸರು ಹಾಕ್ದಾ? ಅದ್ನ ಬುಡ್ಬೇಡ." ಹಾಕಿದ್ದೆ. ಎರಡು ಸಲ ಓದಿಸಿಕೊಂಡು, ಪ್ರಿಂಟ್ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಒಂದೊಂದೇ ಅಕ್ಷರ ನೋಡಿ, "ಸರಿ" ಎಂದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಎರಡು ತಿಂಗಳ ನಂತರ, ಬೆಳಗಿನ ಕಾಫಿ ಕುಡಿದು ಕೂತಲ್ಲೇ ಹೋದರಂತೆ.

ಹನ್ನೊಂದನೆಯ ದಿನ ಅವರ ಮನೆಗೆ ಹೋಗಿದ್ದೆ. ಹಾರ ಹಾಕಿದ ಫೋಟೋದ ಪಕ್ಕದಲ್ಲಿ ನಂಜುಂಡಣ್ಣ ಆ ಹಾಳೆಗೆ ಕಟ್ಟು ಹಾಕಿಸಿ ಇಟ್ಟಿದ್ದರು. ಬಂದವರೆಲ್ಲ ನಿಂತು ಓದುತ್ತಿದ್ದರು. ನಾನೂ ನಿಂತು ಓದಿದೆ.

"ನಾನು ಗೌರಮ್ಮ. ಟೈಪಿಂಗ್ ಕಲಿಸಿದವರು ಸಫಿಯಾ ಟೀಚರ್. ಅಂಗಡಿ ಇಡು ಅಂತ ಹೇಳಿದವರು ನಮ್ಮ ಯಜಮಾನರು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಬರೆದವರೂ ಓದದೆ ಇದ್ದದ್ದನ್ನೆಲ್ಲ ನಾನು ಓದಿದ್ದೀನಿ."